ಆರನೇ ಮೆಟ್ಟಿಲಿನ ಲೇವಿಯಾ

ಲೇವಿಯಾ ಅತ್ತಿಗೆ ನಕ್ಕರೆ ಹವಳದ ದಿಬ್ಬದಾಚೆ ಮೀನು ಹಿಡಿಯುವವರೂ ತಲೆಯೆತ್ತಿ ನೋಡುತ್ತಾರೆ. ನನ್ನ ಅಣ್ಣನ ಕೈಹಿಡಿದ ದಿನವೂ ಹಾಗೆಯೇ ನಕ್ಕಿದ್ದಳು, ಪಾಸ್ಟರು ಪ್ರಾರ್ಥನೆ ನಿಲ್ಲಿಸಿ ಕಾಯಬೇಕಾಯಿತು. ಅಣ್ಣ ಜ್ವರದಲ್ಲಿ ತೀರಿಕೊಂಡ ಮೇಲೆ ಸೂತಕ ಕಳೆಯುವವರೆಗೂ ಅವಳ ಬಾಯಿಂದ ಸದ್ದೇ ಇಲ್ಲ. ಸೂತಕ ಕಳೆದ ಮಾರನೆಯ ಬೆಳಿಗ್ಗೆ ನನ್ನ ಹಂದಿ ಅವಳ ಗೆಣಸಿನ ಪಾತಿಗೆ ನುಗ್ಗಿತು. ಅದನ್ನು ಅಟ್ಟಲು ಓಡಿ ನಾನು ಕೆಸರಿಗೆ ಬಿದ್ದೆ. ಆಗ ನಕ್ಕಳು ನೋಡಿ! ಹಂದಿ ಹಾಳಾಗಿ ಹೋಗಲಿ ಎಂದು ನಾನು ಅವಳನ್ನು ತಬ್ಬಿಕೊಂಡು ಅತ್ತೆ.

ಅದಾಗಿ ವರ್ಷಗಳೇ ಉರುಳಿವೆ. ಅತ್ತಿಗೆ ಚಾಪೆ ಹೆಣೆಯುತ್ತಾಳೆ, ಗೆಣಸು ತುರಿದು ಎಲೆಯಲ್ಲಿ ಸುತ್ತಿ ಬಿಸಿಕಲ್ಲಿನ ಮೇಲೆ ಲಾಪ್‌ಲಾಪ್ ಕಡುಬು ಬೇಯಿಸಿ ರಾಜಧಾನಿ ಪೋರ್ಟ್ ವಿಲಾದ ಮಾರುಕಟ್ಟೆಗೆ ಒಯ್ಯುತ್ತಾಳೆ. ಒಯ್ಯುವುದು ಕಲ್ತಾಕನ ದೋಣಿಯಲ್ಲಿ. ಅವನು ಅವಳ ಸೋದರತ್ತೆಯ ಮಗ. ಹೆಂಡತಿ ಸತ್ತು ಬಹಳ ಕಾಲವಾಯಿತು, ಮಕ್ಕಳಿಲ್ಲ. ಮಾತಿಗಿಂತ ಕೆಮ್ಮುವುದೇ ಹೆಚ್ಚು.

ನಮ್ಮ ದ್ವೀಪದಲ್ಲಿ ಇಂಥ ವರಸೆಯ ನೆಂಟರು ಎದುರಾದರೆ ಗೇಲಿ ಮಾಡಲೇಬೇಕು. ಒಬ್ಬರು ಒಂದು ಎಸೆದರೆ ಇನ್ನೊಬ್ಬರು ಅದಕ್ಕಿಂತ ಭಾರದ್ದನ್ನು ಎಸೆಯಬೇಕು. ಸಿಟ್ಟು ಬಂತೋ, ದಂಡ ಒಂದು ಕೋಳಿ. ಹಾಗಾಗಿ ವಾರವಾರವೂ ದಡದಲ್ಲಿ ಒಂದೇ ನಾಟಕ.

"ಭಾವ, ನನ್ನ ಮದ್ವೆ ಆಗ್ಬಿಡೋ! ದೋಣಿ ಬಾಡಿಗೆ ಉಳಿಯುತ್ತೆ!"

"ನಿನ್ನ ಕಟ್ಕೊಂಡ್ರೆ ದೋಣಿನೇ ಮುಳುಗುತ್ತೆ ಕಣೇ, ತಿಮಿಂಗಿಲ!"

ಊರೆಲ್ಲ ಬಿದ್ದು ಬಿದ್ದು ನಗುತ್ತಿತ್ತು, ನಾನೂ ನಗುತ್ತಿದ್ದೆ. ಆದರೆ ದೋಣಿ ಹೊರಟ ಮೇಲೆ ಅವಳು ಅವನ ಬೆನ್ನನ್ನೇ ನೋಡುತ್ತಾ ಕೂರುವುದನ್ನು ನಾನು ಕಂಡಿದ್ದೇನೆ. ಅವಳ ಮನಸ್ಸಿನಲ್ಲಿ ಆ ಆಸೆ ಇದ್ದದ್ದು ನಿಜ. ಅದನ್ನು ಹೇಳಲು ಬಾಯಿ ಇರಲಿಲ್ಲ, ಯಾಕೆಂದರೆ ಭಾವನಿಗೆ ಅವಳು ಏನು ಹೇಳಿದರೂ ಅದು ಗೇಲಿಯೇ. "ಅಯ್ಯೋ, ನಿಜವಾಗ್ಲೂ ಕಣೋ" ಎಂದರೆ ಇನ್ನೂ ಒಳ್ಳೆಯ ಗೇಲಿ!

ಹೀಗಿರುವಾಗ ಒಂದು ವರ್ಷ ವಿಲಾದಿಂದ ಸುಖವನ್ನು ಅಳೆಯುವವರು ಬಂದರು. ಜನ ಎಷ್ಟು ನೆಮ್ಮದಿಯಾಗಿದ್ದಾರೆ, ಯಾವುದರಿಂದ ಸುಖ ಹೆಚ್ಚುತ್ತದೆ ಎಂದು ಕೇಳಿ ಅಳೆಯುವ ಶಾಸ್ತ್ರವಂತೆ. ನಮ್ಮ ಊರಿನಲ್ಲಿ ಕೇಳಿ ಬರೆದುಕೊಳ್ಳಲು ಕಲ್ತಾಕನನ್ನೇ ಆರಿಸಿದರು, ಅಕ್ಷರ ದುಂಡಗಿದೆ ಎಂದು. ತರಬೇತಿ ಮುಗಿಸಿ ಬಂದವನು ಇಸ್ತ್ರಿ ಅಂಗಿ ತೊಟ್ಟು ನ್ಯಾಯಾಧೀಶನ ಹಾಗೆ ಓಡಾಡತೊಡಗಿದ. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಬೇಕು ಎಂದು ಅವನಿಗೆ ಹೇಳಿಕೊಟ್ಟಿದ್ದರು. ನಮ್ಮೂರಲ್ಲಿ ಅದು ನಡೆಯುತ್ತದೆಯೇ? ಆಲದ ಮರದಡಿ ಅತ್ತಿಗೆಯ ಸರದಿ ಬಂದಾಗ ಊರಿಗೆ ಊರೇ ಚಾಪೆ ಹಾಸಿಕೊಂಡು ಕೂತಿತ್ತು.

"ಹತ್ತು ಮೆಟ್ಟಿಲ ಏಣಿ ಇದೆ ಅಂದ್ಕೋ," ಎಂದ ಕಲ್ತಾಕ. "ಮೇಲಿನದು ಎಲ್ಲಕ್ಕಿಂತ ಒಳ್ಳೆ ಬಾಳು. ನೀನು ಎಷ್ಟನೇದ್ರಲ್ಲಿದೀಯ?"

"ಆರು."

ಜನ ಗುಸುಗುಟ್ಟಿದರು. ಮುಂಗೋಪಿ ಮುದುಕರೇ ಒಂಬತ್ತು ಎಂದಿದ್ದರು, ಊರಿಗೇ ನಗು ಹಂಚುವವಳು ಆರೇ?

"ತಮಾಷೆ ಬೇಡ ಲೇವಿಯಾ. ಇದ್ರಲ್ಲಿ ತಮಾಷೆ ಬರೆಯೋ ಹಾಗಿಲ್ಲ, ನಿಜ ಮಾತ್ರ."

ಅತ್ತಿಗೆ ತಟ್ಟನೆ ಅವನ ಮುಖ ನೋಡಿದಳು. "ಹೌದಾ? ನಿಜ ಮಾತ್ರನಾ?"

"ನಿಜ ಮಾತ್ರ. ಸರಿ, ಮೇಲಕ್ಕೆ ಹತ್ತೋಕೆ ನಿನಗೆ ಏನು ಬೇಕು?"

"ನೀನು."

ಮರ ಅಲ್ಲಾಡುವ ಹಾಗೆ ನಗು ಎದ್ದಿತು. ಯಾರೋ "ಎಸೀ ಕಲ್ತಾಕ, ತಿರುಗಿ ಎಸೀ!" ಎಂದು ಕೂಗಿದರು. ಕಲ್ತಾಕ ಬಾಯಿ ತೆರೆದ, ತಿಮಿಂಗಿಲ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮೈಮೇಲೆ ಇಸ್ತ್ರಿ ಅಂಗಿ, ಕೈಯಲ್ಲಿ ಪೆನ್ನು. ಅವನು ನುಂಗಿಕೊಂಡು ನಿಯಮದ ಪ್ರಕಾರ ಮತ್ತೊಮ್ಮೆ ಕೇಳಿದ.

"ಮೇಲಕ್ಕೆ ಹತ್ತೋಕೆ... ಏನು ಬೇಕು?"

"ನೀನೇ ಕಣೋ. ಎಷ್ಟು ಸಲ ಕೇಳ್ತೀಯ? ಬರ್ಕೋ."

ಈ ಸಲ ಅವಳು ನಗಲಿಲ್ಲ. ಲೇವಿಯಾ ಅತ್ತಿಗೆ ನಗದೆ ಕೂತದ್ದನ್ನು ಕಂಡು ಜನರ ನಗುವೂ ಒಬ್ಬೊಬ್ಬರದಾಗಿ ಆರಿಹೋಯಿತು. ಅವಳ ಕೈ ಚಾಪೆಯ ಅಂಚನ್ನು ಕೀಳುತ್ತಿತ್ತು. ಅವನು ಈಗ ಕೆಮ್ಮಿ ಎದ್ದುಹೋದರೆ ಅವಳು ಇನ್ನೆಂದೂ ದಡದಲ್ಲಿ ಆ ಮಾತು ಕೂಗಲಾರಳು, ತಮಾಷೆಗೂ ಕೂಗಲಾರಳು.

ಆ ಪುಣ್ಯಾತ್ಮ ಬೆವರಿಕೊಂಡು ನನ್ನನ್ನು ನೋಡಿದ! ವಿಧವೆಯನ್ನು ಮರುಮದುವೆಗೆ ಬಿಟ್ಟುಕೊಡುವ ಮಾತು ಗಂಡನ ಮನೆಯವರದ್ದು, ಆ ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಅವಳು ಹೋದರೆ ನನ್ನ ಮನೆಯಂಗಳ ಎಷ್ಟು ಮೂಕವಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಬಾಯಿಗೆ ಬಂದದ್ದು ಬೈಗುಳ.

"ನನ್ನ ಮುಖ ಏನೋ ನೋಡ್ತೀಯ, ಕೆಮ್ಮಪ್ಪ? ನಮ್ಮಣ್ಣ ಇದ್ದಿದ್ರೂ ಇವಳು ನಗ್ಲಿ ಅಂತಾನೇ ಅಂತಿದ್ದ. ಬರಿ!"

ಅವನು ಬರೆದ. ದುಂಡಗಿನ ಅಕ್ಷರ ಅವತ್ತು ಸೊಟ್ಟಗಾಯಿತು. ಆಮೇಲೆ ಯಾವ ತರಬೇತಿಯಲ್ಲೂ ಹೇಳಿಕೊಡದ ಕೆಲಸ ಮಾಡಿದ. ಕುರ್ಚಿಯಿಂದ ಇಳಿದು ಅವಳ ಚಾಪೆಯ ಮೇಲೆ ಎದುರಿಗೇ ಕೂತು ಪೆನ್ನನ್ನು ಅವಳ ಕೈಗೆ ಕೊಟ್ಟ.

"ಊರೋರ್ನೆಲ್ಲಾ ಕೇಳ್ದೆ. ನನ್ನ ಮಾತ್ರ ಯಾರೂ ಕೇಳ್ಲಿಲ್ಲ."

ಅತ್ತಿಗೆ ಪೆನ್ನು ಹಿಡಿದು ಕೇಳಿದಳು. "ನೀನು ಎಷ್ಟನೇ ಮೆಟ್ಟಿಲು ಭಾವ?"

"ಬೆಳಿಗ್ಗೆ ನಾಲ್ಕನೇದ್ರಲ್ಲಿದ್ದೆ," ಎಂದ ಕಲ್ತಾಕ. "ಈಗ ಕೆಳಗೆ ನೋಡೋಕೆ ಭಯ ಆಗ್ತಿದೆ. ನನ್ನ ಗಟ್ಟಿಯಾಗಿ ಹಿಡ್ಕೋ."