ಬೇಷ ತಿಂಗಳ ಹತ್ತನೇ ದಿನ

ಪುತ್ತೂರಿನ ಆ ಪುಟ್ಟ ಆಫೀಸಿನಲ್ಲಿ ಯಶ್ಮಿತಾಳ ಕೆಲಸ ತಪ್ಪು ಹಿಡಿಯುವುದು. ತೊಂದರೆಯೆಂದರೆ, ತಪ್ಪು ಸಿಗುತ್ತಲೇ ಇರಲಿಲ್ಲ.

ಮೊಬೈಲಿನಲ್ಲಿ ತುಳು ತಿಂಗಳು, ದಿನ ತೋರಿಸುವ ಆ್ಯಪ್ ಅದು. ಇಂಗ್ಲಿಷ್ ತಾರೀಕನ್ನು ತುಳು ತಾರೀಕಾಗಿಸುವ ಜಾವಾ ಕ್ಲಾಸನ್ನು, ಅಂದರೆ ಪ್ರೋಗ್ರಾಮಿನ ಆ ತುಂಡನ್ನು, ಕಡಬದ ಜೋಮೋನ್ ಬರೆದಿದ್ದ. ಅದರ ಉತ್ತರ ಸರಿಯೇ ಎಂದು ನೋಡುವ ಟೆಸ್ಟ್ ಬರೆಯುವವಳು ಅಜ್ಜಾವರದಿಂದ ಬರುವ ಇವಳು. ಓಡಿಸಿದಾಗಲೆಲ್ಲ ಪರದೆಯ ಮೇಲೆ ಎಲ್ಲ ಸರಿ ಎನ್ನುವ ಹಸಿರು ಗೆರೆ.

"ಎಲ್ಲ ಹಸಿರಾದ್ರೆ ನೀನು ಎಂತಕ್ಕೆ ಮಾರಾಯ್ತಿ?" ಎಂದು ಆಫೀಸು ನಡೆಸುವ ಅಶ್ವಿತ್ ನಕ್ಕಿದ್ದ. "ತಿಂಗಳ ಕೊನೆಗೆ ನಿನ್ನ ಟ್ರೈನಿಂಗ್ ಮುಗೀತದೆ. ಮತ್ತೆ ನೋಡುವ." ಆ 'ನೋಡುವ' ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಒಂದು ಬೆಳಿಗ್ಗೆ ಹೊರಡುವಾಗ ಅತ್ತೆ ಪಂಕಜಾಕ್ಷಿ ರೇಗಿದರು. "ಈ ವರ್ಷ ಒಂದು ಭೂತಕೋಲವಾದರೂ ನೋಡಿದ್ಯಾ? ಬೇಷ ಹತ್ತಕ್ಕೆ ಪತ್ತನಾಜೆ, ಕೋಲಗಳಿಗೆಲ್ಲ ಕಡೇ ದಿನ. ಮತ್ತೆ ಕೋಲ ಎಲ್ಲಿ ಉಂಟು ನಿನಗೆ?"

ಬಸ್ಸು ಸುಳ್ಯ ದಾಟುವಷ್ಟರಲ್ಲಿ ಅವಳಿಗೆ ಹೊಳೆಯಿತು. ಬೇಷ ಹತ್ತಕ್ಕೆ ಪತ್ತನಾಜೆ ಎನ್ನಲು ಅತ್ತೆಗೆ ಯಾವ ಆ್ಯಪೂ ಬೇಕಿರಲಿಲ್ಲ. ಟೆಸ್ಟಿನ ಸರಿಯುತ್ತರಗಳನ್ನೆಲ್ಲ ಅವಳು ತೆಗೆದುಕೊಂಡದ್ದು ಜೋಮೋನನ ಕ್ಲಾಸಿನಿಂದಲೇ. ಮಗು ಬರೆದದ್ದನ್ನು ಅದೇ ಮಗುವಿನ ಕೈಯಲ್ಲಿ ತಿದ್ದಿಸಿದ ಹಾಗೆ.

ಆಫೀಸಿಗೆ ಬಂದವಳೇ ಹೊಸ ಟೆಸ್ಟ್ ಬರೆದಳು. ಹೋದ ವರ್ಷದ ಪತ್ತನಾಜೆಯ ತಾರೀಕು ಕೊಟ್ಟರೆ ಉತ್ತರ 'ಬೇಷ ೧೦' ಬರಬೇಕು. ಓಡಿಸಿದಳು.

ಕೆಂಪು. ಕ್ಲಾಸು ಹೇಳಿದ್ದು 'ಬೇಷ ೧೧'.

"ಜೋಮೋನ್, ನಿನ್ನ ಪತ್ತನಾಜೆ ಒಂದು ದಿನ ಮೊದಲೇ ಮುಗ್ದಿದೆ!"

"ಎಂತ? ಸಂಕ್ರಮಣದ ದಿನ ಒಂದನೇ ತಾರೀಕಲ್ವಾ? ನಮ್ಮ ಮನೆಯ ಮಲಯಾಳ ಕ್ಯಾಲೆಂಡರಿನಲ್ಲಿ ಹಾಗೆಯೇ ಬಂದಿತ್ತು."

"ತುಳುವಿನಲ್ಲಿ ಸಂಕ್ರಮಣ ಹಳೆ ತಿಂಗಳ ಕಡೇ ದಿನ. ಮರುದಿನವೇ ಒಂದು. ಒಂದು ದಿನ ಮೊದಲೇ ಕೋಲ ನಿಲ್ಲಿಸ್ತಿದ್ದಿ ನೀನು."

"ದೇವರೇ! ಊರಿನವರು ನನ್ನನ್ನು ಕಡಬ ದಾಟ್ಲಿಕ್ಕೆ ಬಿಡ್ತಿರ್ಲಿಲ್ಲ."

ನಗು ಕೇಳಿ ಅಶ್ವಿತ್ ಬಂದ. ಕೆಂಪು ಗೆರೆಯನ್ನು ನೋಡುತ್ತ ನಿಂತ. "ನಾಳೆ ಕಳಿಸುದಿತ್ತಲ್ಲ ಇದನ್ನು. ಬಾಕಿ ಟೆಸ್ಟುಗಳು?"

ಯಶ್ಮಿತಾ ಟೆಸ್ಟುಗಳ ಪಟ್ಟಿ ತೆರೆದಳು. "ಎಲ್ಲ ಹೊಸತಾಗಿ ಬರೀಬೇಕು ಸರ್. ಉತ್ತರಗಳನ್ನು ನಾನು ಈ ಕ್ಲಾಸಿನಿಂದಲೇ ತೆಗೆದದ್ದು."

ಅಶ್ವಿತ್ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದ.

"ಹಾಗಾದ್ರೆ ಈ ತಿಂಗಳಲ್ಲಿ ಮುಗಿಯುವ ಕೆಲಸ ಅಲ್ಲ," ಎಂದ. "ಮುಂದಿನ ತಿಂಗಳೂ ಬಾ. ಅದರ ಮುಂದಿನ ತಿಂಗಳೂ. ಟ್ರೈನಿಂಗ್ ಅಂತ ಅಲ್ಲ."

ಜೋಮೋನ್ ಕ್ಲಾಸನ್ನು ತಿದ್ದತೊಡಗಿದ. ಯಶ್ಮಿತಾ ಉತ್ತರಕ್ಕಾಗಿ ಅತ್ತ ನೋಡಲಿಲ್ಲ. ಭೂಮಿತಾಯಿಯ ಹಬ್ಬ ಕೆಡ್ಡಸ ಶುರುವಾಗುವುದು ಪುಯಿಂತೆಲ್ ತಿಂಗಳ ಇಪ್ಪತ್ತೇಳಕ್ಕೆ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನೇ ಮುಂದಿನ ಟೆಸ್ಟಾಗಿ ಬರೆದಳು.