ಕಿವಿಯಕ್ಕನ ಪುಟ್ಟ ಗಂಟೆ

ಬೆಳಗಿನ ಮಂಜು ಇನ್ನೂ ಆಸ್ಪತ್ರೆಯ ಕಿಟಕಿ ಬಿಟ್ಟಿಲ್ಲ. ಗಾಳಿಯಿಲ್ಲ, ಹೊರಗೆ ಒಂದೆಲೆಯೂ ಅಲ್ಲಾಡುತ್ತಿಲ್ಲ. ಇಂಥ ದಿನವೆಂದರೆ ಕಿವಿಯಕ್ಕನಿಗೆ ಒಳಗೊಳಗೇ ಹಿಗ್ಗು. ಫ್ಯಾನ್ ನಿಲ್ಲಿಸಿ, ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿ, ಬಳೆ ತೆಗೆದು ಮೇಜಿನ ಮೇಲಿಟ್ಟು, ಒಂದು ಗಳಿಗೆ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಆಮೇಲೆಯೇ ಮೊದಲ ಕೂಸು ಒಳಗೆ.

ಕಣ್ಣಿಗೆ ಕಾಣದಂತೆ ಪುಟ್ಟ ಗಂಟೆ ಆಡಿಸಿ ಮಕ್ಕಳ ಕಿವಿ ಪರೀಕ್ಷಿಸುತ್ತಲೇ ಅವರ ತಲೆ ನರೆತಿದೆ. ನಿಜವಾದ ಹೆಸರು ಕೇಳಿದರೆ ಬಾಗಿಲ ಕಾವಲುಗಾರನೂ ತಲೆ ಕೆರೆದುಕೊಳ್ಳುತ್ತಾನೆ.

"ಕಿವಿ ಹುಟ್ಟುವಾಗಲೇ ಬಂದಿರುತ್ತೆ. ಕೇಳೋದು ಮಾತ್ರ ಬೆಳೀತಾ ಬರಬೇಕು," ಎನ್ನುತ್ತಾರೆ. ಎಳೆಗೂಸು ಜೋರು ಸದ್ದಿಗಷ್ಟೇ ಬೆಚ್ಚುತ್ತದೆ. ಆರೇಳು ತಿಂಗಳಿಗೆ ಮೆಲುದನಿಗೂ ಕತ್ತು ತಿರುಗುತ್ತದೆ. ತೀರಾ ಸಣ್ಣ ಪಿಸುಮಾತು ದಕ್ಕುವುದು ಶಾಲೆಯ ವಯಸ್ಸಿಗೆ. ಮುಪ್ಪು ಬಂದಾಗ ಕೀರಲು ಸದ್ದುಗಳೇ ಮೊದಲು ಕೈಬಿಡುತ್ತವೆ.

ಅದು ಅವರಿಗೂ ಆಗಿದೆ. "ನನ್ನ ಗಂಟೆ ಈಗ ನನಗೇ ಕೇಳ್ಸಲ್ಲ. ಮಕ್ಕಳ ಮುಖ ನೋಡಿ ತಿಳ್ಕೋತೀನಿ," ಎಂದು ನಗುತ್ತಾರೆ.

ಚಳಿಗಾಲದ ಕೊನೆಯಲ್ಲಿ ಒಬ್ಬ ಅಜ್ಜಿ ಏಳು ತಿಂಗಳ ಮೊಮ್ಮಗಳನ್ನು ತಂದಿದ್ದರು. ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ತಿರುಗಿತಲ್ಲ ನೋಡಿ ಎಂದರು. ಕಿವಿಯಕ್ಕ ಅವರನ್ನು ಪರದೆಯ ಆಚೆ ಕೂರಿಸಿ ಕೂಗಲು ಹೇಳಿದರು. ಕೂಸು ಗೊಂಬೆಯ ಕಾಲು ಚೀಪುತ್ತಲೇ ಇತ್ತು. ಅಲ್ಲಿಯವರೆಗೆ ಅದು ತಿರುಗಿದ್ದು ಚಪ್ಪಾಳೆಯ ಗಾಳಿ ಕತ್ತಿಗೆ ತಾಗಿದ್ದರಿಂದ. ಗಂಟೆಗೂ ಅದು ಮಿಸುಕಲಿಲ್ಲ.

ಅಜ್ಜಿಯ ಮುಖ ಕೆಂಪಾಯಿತು. "ಕೆಟ್ಟಿರೋದು ನಿಮ್ಮ ಗಂಟೆ ತಾಯಿ, ನಮ್ಮ ಕೂಸಲ್ಲ."

ಕಿವಿಯಕ್ಕ ಗಂಟೆಯನ್ನೇ ಅವರ ಅಂಗೈಗಿಟ್ಟರು. "ಮನೇಲೇ ನೋಡಿ. ಗಾಳಿ ತಾಗಬಾರದು, ನೆರಳು ಬೀಳಬಾರದು. ತಡ ಮಾತ್ರ ಮಾಡ್ಬೇಡಿ ಅಜ್ಜಿ, ಮಾತು ಕಲಿಯೋ ಕಾಲ ಯಾರಿಗೂ ಕಾಯಲ್ಲ."

ಒಂದು ವಾರದಲ್ಲಿ ಮಗುವಿನ ತಾಯಿ ಓಡಿ ಬಂದಳು. ಪರೀಕ್ಷೆಯೆಲ್ಲ ಮುಗಿದು ಎರಡೂ ಕಿವಿಗೆ ಯಂತ್ರ ಕೂತಿತು. ಅಜ್ಜಿ ಮಾತ್ರ ಇತ್ತ ತಲೆ ಹಾಕಲಿಲ್ಲ, ಗಂಟೆಯೂ ಬರಲಿಲ್ಲ.

ಇವತ್ತು ಸಾಲಿನ ಕೊನೆಯಲ್ಲಿ ಅದೇ ಅಜ್ಜಿ ಕೂತಿದ್ದಾರೆ. ಸರದಿ ಬಂದಾಗ ಮಗುವನ್ನು ತಾಯಿಯ ತೊಡೆಗೆ ಕೊಟ್ಟು, ಯಾರೂ ಹೇಳದೆಯೇ ಪರದೆಯ ಆಚೆ ಹೋಗುತ್ತಾರೆ.

ಕೋಣೆಯಲ್ಲಿ ಕಿವಿಯಕ್ಕನಿಗೆ ಏನೂ ಕೇಳಿಸುವುದಿಲ್ಲ. ಅವರು ಕೂಸಿನ ಮುಖವನ್ನೇ ನೋಡುತ್ತಿದ್ದಾರೆ. ಚೀಪುತ್ತಿದ್ದ ಬಾಯಿ ನಿಲ್ಲುತ್ತದೆ. ಗೊಂಬೆ ಜಾರುತ್ತದೆ. ಕತ್ತು ಮೆಲ್ಲಗೆ ಪರದೆಯತ್ತ ತಿರುಗುತ್ತದೆ.

ಅಜ್ಜಿ ಹೊರಬಂದು, ಗಂಟೆಯನ್ನು ಕರವಸ್ತ್ರದಿಂದ ಒರೆಸಿ, ಮೇಜಿನ ಮೇಲೆ ಬಳೆಗಳ ಪಕ್ಕದಲ್ಲಿ ಸದ್ದಾಗದಂತೆ ಇಡುತ್ತಾರೆ.