ಗಾಜಿನಲ್ಲಿ ನೆಟ್ಟಗೆ ನಿಂತವಳು

ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುವವನು ನಾನೇ. ಬಸವನ ಬಾಗೇವಾಡಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಫೋಟೊದಲ್ಲಿ ಹಿಂದೆ ಯಾರೋ ನಿಂತಂತೆ ಕಾಣುತ್ತದೆ ಎಂದು ಗಾಬರಿಯಿಂದ ಓಡಿಬಂದವರಿಗೆ, ಇದು ಫ್ಲ್ಯಾಶಿನ ನೆರಳು, ಇದು ಕೈ ಅಲುಗಿದ್ದು ಎಂದು ತಿಳಿಹೇಳಿ, ಸಾಲದ್ದಕ್ಕೆ ನಾಲ್ಕು ಮಾತು ಚೇಷ್ಟೆಯನ್ನೂ ಮಾಡಿ ಕಳಿಸಿದ್ದೇನೆ. ಈಗ ಅದೇ ಬಾಯಿಯಿಂದ ಇದನ್ನು ಹೇಳಬೇಕಾಗಿದೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮದುವೆ, ಸೀಮಂತಗಳಿಗೆ ಎಲ್ಲರಂತೆ ನನ್ನದೂ ಡಿಜಿಟಲ್ ಕ್ಯಾಮೆರಾನೇ. ಆದರೆ ನನಗೊಂದು ಹುಚ್ಚಿದೆ. ಮೂರು ಕಾಲಿನ ಮೇಲೆ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ನೋಡುವ ಹಳೆಯ ಮರದ ಕ್ಯಾಮೆರಾ ಒಂದನ್ನು ಇಟ್ಟುಕೊಂಡಿದ್ದೇನೆ. ಅದಕ್ಕೆ ಬೇಕಾದ ಅಗಲ ಫಿಲ್ಮ್ ನಮ್ಮ ಕಡೆ ಸಿಗುವುದಿಲ್ಲ. ಹಾಗಾಗಿ ಆಸ್ಪತ್ರೆಯ ಎಕ್ಸ್‌ರೇ ಫಿಲ್ಮನ್ನೇ ಕೆಂಪು ದೀಪದಲ್ಲಿ ಅಳತೆಗೆ ಕತ್ತರಿಸಿ ತುಂಬುತ್ತೇನೆ. "ಹುಷಾರ್ರೀ, ಮುಂದ ನಿಂತವ್ರದು ಬರೇ ಎಲುಬು ಬಂದಾವು" ಎಂದು ಪಕ್ಕದ ಅಂಗಡಿಯ ಟೇಲರ್ ಅಣಕಿಸುತ್ತಾನೆ.

ಅದರ ಲೆನ್ಸ್ ನನಗೆ ಸಿಕ್ಕಿದ್ದು ಇಂಡಿಯಲ್ಲಿ. ಹಿಂದೆ ಫೋಟೊ ತೆಗೆಯುತ್ತಿದ್ದ ಒಬ್ಬರು ತೀರಿಕೊಂಡ ಮೇಲೆ ಮನೆಯವರು ಅದನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟಿದ್ದರು, ಇಲಿ ಮುಚ್ಚಳ ಎತ್ತದಿರಲಿ ಎಂದು. ತೆಂಗಿನಕಾಯಿ ಗಾತ್ರದ ಹಿತ್ತಾಳೆಯ ಲೆನ್ಸು. ಸೊಸೆ ಸಂತೋಷದಿಂದಲೇ ಕೊಟ್ಟಳು, ಬದಲಿಗೆ ಅಷ್ಟೇ ಭಾರದ ಒಂದು ಕಲ್ಲು ಹುಡುಕಿ ಕೊಡಿ ಎಂದಳು. ಹುಡುಕಿ ಕೊಟ್ಟೆ. ಲೆನ್ಸಿಗೆ ಶಟರ್ ಇಲ್ಲ. ಮುಚ್ಚಳ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚಬೇಕು. ಹೊಸ ಲೆನ್ಸುಗಳು ಮೂಲೆ ಮೂಲೆಯನ್ನೂ ಚುಚ್ಚಿ ತೋರಿಸುತ್ತವೆ. ಇದು ನಡುವಿನದನ್ನು ಮಾತ್ರ ಸ್ಪಷ್ಟವಾಗಿ ತೋರಿಸಿ ಸುತ್ತಲಿನದನ್ನು ಮಂಜಾಗಿಸುತ್ತದೆ. ಅದಕ್ಕೇ ಅದರ ಮೇಲೆ ನನಗೆ ಪ್ರೀತಿ.

ನಾಲ್ಕು ವರ್ಷದ ಹಿಂದಿನ ಮೇ ತಿಂಗಳು. ಸಾಲೆಯಲ್ಲಿ ನನಗೆ ಗಣಿತ ಕಲಿಸಿದ ಇಮಾಮಸಾಬ ಮಾಸ್ತರರು ಕೊಲ್ಹಾರದಿಂದ ಸ್ಟುಡಿಯೊಗೆ ಬಂದರು. ಎರಡು ವರ್ಷದವರಿದ್ದಾಗಲೇ ಅವರು ತಾಯಿಯನ್ನು ಕಳೆದುಕೊಂಡಿದ್ದರು. ತಾಯಿಯದೊಂದು ಫೋಟೊ ಕೂಡ ಇರಲಿಲ್ಲ. ಅವರನ್ನು ಬೆಳೆಸಿದ್ದು ಅವರಿಗಿಂತ ಹನ್ನೆರಡು ವರ್ಷ ದೊಡ್ಡವರಾದ ಅಕ್ಕ ಹುಸೇನಬಿ. ಹಳೆಯ ಕೊಲ್ಹಾರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೂ, ಬೇಸಿಗೆಯಲ್ಲಿ ನೀರು ಇಳಿದು ಹೊಳೆಯ ಮೆಟ್ಟಿಲು ಎದ್ದಾಗ ಅಕ್ಕ ತಮ್ಮ ಕೂಡಿ ಹೋಗಿ ನೋಡಿಬರುವುದು ವಾಡಿಕೆ. ಆ ವರ್ಷ ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಮುದ್ದೇಬಿಹಾಳದಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಇನ್ನು ಏಳುವುದಿಲ್ಲ ಎಂದು ಡಾಕ್ಟರರು ಹೇಳಿಬಿಟ್ಟಿದ್ದರು.

"ಮೆಟ್ಟಲ ಎದ್ದಾವೇನು, ಮೆಟ್ಟಲ ಎದ್ದಾವೇನು ಅಂತ ಒಂದೇ ಸವನೆ ಕೇಳ್ತಾಳೋ" ಎಂದರು ಮಾಸ್ತರರು. "ಮೊಬೈಲ್‌ದಾಗಿಂದು ಅಕೀಗೆ ಕಾಣಂಗಿಲ್ಲ. ನೀ ದೊಡ್ಡದು ತಗದು ಕೊಡು. ಅಕಿ ಇರೂದ್ರಾಗ ಒಮ್ಮೆ ನೋಡ್ಲಿ."

ಮಳೆ ಶುರುವಾಗಿ ಮೇಲಿನಿಂದ ನೀರು ಬಂದರೆ ಮೆಟ್ಟಿಲು ಮತ್ತೆ ಮುಳುಗುತ್ತವೆ. ಮರುದಿನವೇ ಹೊರಟೆವು. ಗಾಳಿ ಏಳುವ ಮುಂಚೆ, ಹೊತ್ತು ಮೂಡಿದ ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಹೂಡಿದೆ. ನಾವು ನಿಂತದ್ದು ಒಣಗಿದ ರಾಡಿಯ ದಿಬ್ಬದ ಮೇಲೆ. ಎದುರಿಗೆ ಒಂದಿಷ್ಟು ನೀರು, ನೀರಿನಾಚೆ ಕಪ್ಪು ಕಲ್ಲಿನ ಒಂಬತ್ತು ಮೆಟ್ಟಿಲು. ನಾವಿಬ್ಬರನ್ನು ಬಿಟ್ಟರೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ನೀರು ಅಲ್ಲಾಡುತ್ತಿರಲಿಲ್ಲ.

ಇಂಥ ಕ್ಯಾಮೆರಾದ ಹಿಂದೆ ಒಂದು ಮಸುಕು ಗಾಜು ಇರುತ್ತದೆ. ಅದರ ಮೇಲೆ ಎದುರಿನದೆಲ್ಲ ತಲೆಕೆಳಗಾಗಿ ಕಾಣುತ್ತದೆ. ಆಕಾಶ ಕೆಳಗೆ, ನೆಲ ಮೇಲೆ. ನಾನು ಬಟ್ಟೆ ಹೊದ್ದು ನೋಡಿದೆ. ಮೆಟ್ಟಿಲುಗಳು ತಲೆಕೆಳಗಾಗಿಯೇ ಇದ್ದವು. ಅವುಗಳಿಗಿಂತ ಮೇಲೆ, ಗಾಜಿನಲ್ಲಿ ನೀರು ಕಾಣುವ ಜಾಗದಲ್ಲಿ, ಒಬ್ಬ ಹೆಣ್ಣುಮಗಳು ನೆಟ್ಟಗೆ ನಿಂತಿದ್ದಳು.

ಮೊದಲಿಗೆ ನನಗೆ ವಿಚಿತ್ರ ಅನ್ನಿಸಲೇ ಇಲ್ಲ. ಕಡೆಯ ಮೆಟ್ಟಿಲ ಮೇಲೆ ಯಾರೋ ಬಟ್ಟೆ ಒಗೆಯಲು ಬಂದು ನಿಂತಿದ್ದಾಳೆ, ನೀರಿನಲ್ಲಿ ಅವಳ ಪ್ರತಿಬಿಂಬ ಬಿದ್ದಿದೆ ಎಂದುಕೊಂಡೆ. ಪ್ರತಿಬಿಂಬ ಮೊದಲೇ ತಲೆಕೆಳಗಾದದ್ದು, ಗಾಜಿನಲ್ಲಿ ಮತ್ತೆ ತಿರುಗಿ ನೆಟ್ಟಗಾಗುತ್ತದೆ. ಸ್ವಲ್ಪ ಸರಿದು ನಿಲ್ಲಮ್ಮಾ ಎನ್ನಲು ತಲೆ ಹೊರಗೆ ತೆಗೆದೆ. ಮೆಟ್ಟಿಲು ಖಾಲಿ ಇದ್ದವು. ನೀರಿನಲ್ಲೂ ಏನೂ ಇರಲಿಲ್ಲ. ಮತ್ತೆ ಒಳಗೆ ತಲೆ ಹಾಕಿದೆ. ಇದ್ದಳು. ಗಾಜಿನಲ್ಲಿಯೂ ಮೆಟ್ಟಿಲ ಮೇಲೆ ಯಾರೂ ಇಲ್ಲ, ನೀರಿನಲ್ಲಿ ಮಾತ್ರ ಇದ್ದಾಳೆ.

ಮಾಸ್ತರರನ್ನು ಕರೆದು ಒಳಗೆ ನೋಡಿ ಎಂದೆ, ಕಾರಣ ಹೇಳಲಿಲ್ಲ. ಅವರು ಕನ್ನಡಕ ಏರಿಸಿ ಇಳಿಸಿ ಮಾಡಿ, "ಎಲ್ಲಾ ತೆಳಗ ಮ್ಯಾಲ ಆಗೇತಿ. ನನಗೇನೂ ತಿಳಿವಲ್ದು. ತಗೀಯಪ್ಪಾ ಲಗೂನ, ಗಾಳಿ ಬಂದೀತು" ಎಂದರು. ನಾನು ಮುಚ್ಚಳ ತೆಗೆದೆ, ಎಣಿಸಿದೆ, ಮುಚ್ಚಿದೆ.

ಫಿಲ್ಮ್ ತೊಳೆದಾಗ ಅವಳು ಇದ್ದಳು. ಚಿತ್ರವನ್ನು ಸರಿಯಾಗಿ ಹಿಡಿದರೆ ಮೆಟ್ಟಿಲು ನೆಟ್ಟಗೆ, ನೀರಿನಲ್ಲಿ ಅವಳು ತಲೆಕೆಳಗು. ಹದಿನೈದು ಹದಿನಾರರ ಹುಡುಗಿ, ಉದ್ದ ಮುಖ. ಒಂದೇ ಫಿಲ್ಮಿನ ಮೇಲೆ ಎರಡು ಸಲ ತೆಗೆದಿರಬಹುದೇ? ಅಂಥ ತಪ್ಪು ಯಾರಿಗೂ ಆಗುತ್ತದೆ. ಆದರೆ ಆ ಫಿಲ್ಮನ್ನು ನಾನು ಹೊಸ ಪೊಟ್ಟಣ ಒಡೆದು ಹಿಂದಿನ ದಿನವಷ್ಟೇ ಕತ್ತರಿಸಿದ್ದೆ. ನೀರಿನ ಪಕ್ಕ ನಿಂತ ಹುಡುಗಿಯ ಚಿತ್ರವನ್ನು ಜನ್ಮದಲ್ಲಿ ತೆಗೆದಿರಲಿಲ್ಲ. ಇಂಡಿಗೆ ಹೋಗಿ ಲೆನ್ಸಿನ ಹಳೆಯ ಯಜಮಾನರ ಬಗ್ಗೆಯೂ ವಿಚಾರಿಸಿದೆ. "ನಮ್ಮ ಮಾವಾರು ಇಲ್ಲೇ ಮಗ್ಗಲದ ಹೊರ್ತಿ ಊರ ದಾಟಿ ಹ್ವಾದವರಲ್ರಿ" ಎಂದಳು ಸೊಸೆ. ಹೋಗಿದ್ದರೂ ಏನಂತೆ? ನೆನಪಿಡುವುದು ಫಿಲ್ಮು. ಲೆನ್ಸು ಬರೀ ಗಾಜು. ಅಷ್ಟು ವರ್ಷ ಊರಿಗೆಲ್ಲ ಪಾಠ ಹೇಳಿದವನಿಗೆ ತಲೆಬುಡ ತಿಳಿಯದಂತಾಯಿತು.

ಚಿತ್ರ ಕೊಡದೆ ಇರೋಣ ಎಂದುಕೊಂಡಿದ್ದೆ. ಮಾಸ್ತರರು ಬಿಡಬೇಕಲ್ಲ. ಸ್ಟುಡಿಯೊಗೆ ಬಂದು ಮೇಜಿನ ಮೇಲಿದ್ದ ದೊಡ್ಡ ಪ್ರಿಂಟನ್ನು ತಾವೇ ಎತ್ತಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ತಿರುಗಿಸಿ ಹಿಡಿದರು, ಹುಡುಗಿ ನೆಟ್ಟಗೆ ನಿಲ್ಲುವಂತೆ.

"ನಮ್ಮವ್ವ" ಎಂದರು.

ಹೇಗೆ ಗೊತ್ತು ಎಂದು ಕೇಳಿದೆ. ಗೊತ್ತಿಲ್ಲ, ಆದರೆ ಅವಳೇ ಎಂದರು. ಅರವತ್ತೆಂಟು ವರ್ಷದ ಆ ಮನುಷ್ಯ ನನ್ನ ಸ್ಟೂಲಿನ ಮೇಲೆ ಕುಳಿತು ಸಣ್ಣ ಮಗುವಿನಂತೆ ಅತ್ತರು. ನನಗೂ ಕಣ್ಣು ತುಂಬಿ ಬಂತು. ಇದು ನನ್ನದೇ ಏನೋ ತಪ್ಪಿರಬೇಕು ಎಂದು ಹೇಳಲು ಹೋದರೆ ಅವರು ಕೇಳಿಸಿಕೊಳ್ಳಲಿಲ್ಲ. ತಾಯಿಯ ಮುಖ ಕಂಡ ಅಕ್ಕ ಬದುಕಿದ್ದಾಳೆ, ಅವಳೇ ಹೇಳಲಿ ಎಂದು ಅದೇ ವಾರ ನನ್ನನ್ನೂ ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋದರು. ಫ್ರೇಮು ಹಾಕಿಸಿದ ಆ ಚಿತ್ರವನ್ನು ಬಸ್ಸಿನ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಹುಸೇನಬಿ ಗೋಡೆಗೆ ಒರಗಿ ಮಲಗಿದ್ದರು. ಮಾಸ್ತರರು ಫ್ರೇಮನ್ನು ಅವರ ಕಣ್ಣಿನ ಹತ್ತಿರ ಹಿಡಿದು, "ನೋಡಕ್ಕಾ, ಯಾರ ಬಂದಾರ" ಎಂದರು. ಮುದುಕಿ ನೋಡಿದರು. ಮುಖದಲ್ಲಿದ್ದ ನಗೆ ಹಾಗೇ ಇಳಿಯಿತು. ಬೆರಳಿನಿಂದ ಹುಡುಗಿಯ ಸೊಂಟದ ಹತ್ತಿರ ಸವರಿದರು. ಅಲ್ಲಿ ಸೆರಗು ಉಬ್ಬಿದಂತಿತ್ತು. ನಾನು ಅದನ್ನು ಬಟ್ಟೆಯ ಮಡಿಕೆ ಎಂದುಕೊಂಡಿದ್ದೆ.

"ಅವ್ವ ಅಲ್ಲೋ ಇದು. ನಾನು."

ಮುದುಕಿ ನಮ್ಮಿಬ್ಬರ ಕಡೆಗೂ ನೋಡದೆ ಚಿತ್ರಕ್ಕೇ ಹೇಳುವಂತೆ ಹೇಳಿದರು. "ಲಗ್ನ ಗೊತ್ತ ಮಾಡಿದ್ರು. ನನಗ ಮನಸ್ಸಿರಲಿಲ್ಲ. ಮುಂಜಾನೆ ಸೆರಗಿನ್ಯಾಗ ಗುಂಡಕಲ್ಲ ಕಟಗೊಂಡು ಹೊಳಿಗೆ ಹೋಗಿದ್ದೆ. ಕಡೀ ಮೆಟ್ಟಲಕ್ಕ ನಿಂತಿದ್ದೆ. ಇಂವಾ ಮನ್ಯಾಗ ಒಲಿ ಮುಂದ ಮಲಗಿದ್ದ, ಮೂರು ವರ್ಷದಾಂವ. ಎದ್ದು ಕೆಂಡಕ್ಕ ಕೈ ಹಾಕ್ಯಾನು ಅಂತ ನೆಪ್ಪಾತು. ಕಲ್ಲ ಒಗದು ಓಡಿ ಬಂದೆ. ಇವತ್ತಿನ ತನಕಾ ಯಾರ ಮುಂದೂ ಹೇಳಿಲ್ಲ."

ಮಾಸ್ತರರು ಅಕ್ಕನ ಕಾಲು ಹಿಡಿದುಕೊಂಡು ಕುಳಿತುಬಿಟ್ಟರು. ಅವರಿಗೆ ತಾಯಿಯ ಮುಖ ಸಿಕ್ಕಿ ಕಳೆದುಹೋಗಿತ್ತು. ಅದಕ್ಕೆ ಅಳುತ್ತಿದ್ದರೋ, ಅಕ್ಕ ಹೇಳಿದ್ದಕ್ಕೆ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಆಮೇಲೂ ನಾನು ಕೇಳಲಿಲ್ಲ.

ಇಷ್ಟು ವರ್ಷದಲ್ಲಿ ಇದನ್ನು ಹತ್ತಾರು ಬಗೆಯಲ್ಲಿ ಯೋಚಿಸಿದ್ದೇನೆ. ಮುದುಕಿಗೆ ಕಣ್ಣು ಮಂಜಾಗಿತ್ತು, ನೆನಪೇ ಚಿತ್ರದ ಮೇಲೆ ಬಿತ್ತು ಎಂದರೆ ಒಪ್ಪಬಹುದು. ಹಾಗಾದರೆ ಗಾಜಿನಲ್ಲಿ ನಾನು ನೋಡಿದ್ದು ಯಾರನ್ನು? ಮಳೆ ಹಿಡಿಯುವವರೆಗೆ ಮತ್ತೆ ಮೂರು ಬೆಳಿಗ್ಗೆ ಹೋಗಿ ಅದೇ ಜಾಗದಲ್ಲಿ ಕ್ಯಾಮೆರಾ ಇಟ್ಟೆ. ಮೆಟ್ಟಿಲು ಬಂದವು, ನೀರು ಬಂತು, ಅಷ್ಟೇ.

ಆ ದಿನ ನಾವು ಎದ್ದು ಹೊರಡುವಾಗ ಹುಸೇನಬಿ ನನ್ನನ್ನು ಹತ್ತಿರ ಕರೆದರು. ಇದನ್ನು ಯಾರು ತೆಗೆದದ್ದು ಎಂದು ಕೇಳಿದರು. ಹೋದ ವಾರ ನಾನೇ ತೆಗೆದೆ ಎನ್ನಲು ನನಗೆ ಬಾಯಿ ಬರಲಿಲ್ಲ.

"ಅವತ್ತ ಅಲ್ಲಿ ಯಾರೂ ಇಲ್ಲಂತ ತಿಳಕೊಂಡಿದ್ದೆ. ಒಬ್ಬಾಂವ ನಿಂತು ನೋಡಾಕತ್ತಿದ್ದ ಹಂಗಾರ" ಎಂದರು ಮುದುಕಿ. "ಯಾರರೆ ಇರಲಿ. ಹದಿನೈದು ವರ್ಷದ ಹುಡುಗಿ. ಒಂದು ಕೂಗು ಹಾಕಬಾರದಿತ್ತೇನಪ್ಪಾ?"